ಜಂತುಹುಳುವಿನ ಔಷಧ ಮತ್ತು ಪ್ರಮಾಣದ ವಿವೇಕ

ಊಟ ಬಲ್ಲವನಿಗೆ ರೋಗವಿಲ್ಲವೆಂದು ಹಿರಿಯರು ಹೇಳಿದ್ದಾರೆ. ಊಟದ ವಿಷಯದಲ್ಲಿ ಇಷ್ಟೊಂದು ಬಲ್ಲ ಜನ ಔಷಧದ ವಿಷಯದಲ್ಲಿ ಮಾತ್ರ ಬಲ್ಲವರಾಗಲಿಲ್ಲ ಎಂಬುದು ವಿಷಾದದ ಸಂಗತಿ. ಸಾರಿಗೆ ಉಪ್ಪು ಎಷ್ಟು ಚಿಟಿಕೆ, ಹಪ್ಪಳದ ಹಿಟ್ಟಿಗೆ ಇಂಗು ಎಷ್ಟು ಎಂಬುದನ್ನು ಕೈಯಳತೆಯಿಂದಲೇ ನಿಖರವಾಗಿ ಹೇಳಬಲ್ಲ ಗೃಹಿಣಿ, ಮಗುವಿಗೆ ಕೊಡುವ ಹುಳುವಿನ ಮಾತ್ರೆಯನ್ನು ಅಡಕತ್ತರಿಯಿಂದ ಅಂದಾಜಿನ ಮೇಲೆ ಎರಡು ಹೋಳು ಮಾಡುತ್ತಾಳೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೆ ನಿದ್ದೆಗೆಡುವ ಗೃಹಸ್ಥ, ಐದು ದಿನ ನುಂಗಬೇಕಾದ ಆಮಶಂಕೆಯ ಮಾತ್ರೆಯನ್ನು ಎರಡನೆಯ ದಿನಕ್ಕೇ ನಿಲ್ಲಿಸಿ ಉಳಿದದ್ದನ್ನು ‘ಮುಂದಿನ ಸಲಕ್ಕೆ ಆಯಿತು’ ಎಂದು ಡಬ್ಬಿಯಲ್ಲಿ ಮುಚ್ಚಿಡುತ್ತಾನೆ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಂಥ ಮಹಾನಗರಗಳಲ್ಲಿ ನೆಲಸಿರುವ ಕನ್ನಡಿಗರ ಮನೆಗಳಲ್ಲಿ ಈ ದೃಶ್ಯಗಳು ಅಪರೂಪವಲ್ಲ. ಮೂಲೆಯ ಔಷಧದಂಗಡಿಯಲ್ಲಿ ‘ಹುಳದ ಮಾತ್ರೆ ಕೊಡಿ’ ಎಂದರೆ ಸಾಕು, ಯಾವ ಹುಳು, ಯಾರಿಗೆ, ಎಷ್ಟು ತೂಕದವರಿಗೆ ಎಂಬ ಪ್ರಶ್ನೆಗಳು ಎರಡೂ ಕಡೆಯಿಂದ ಹುಟ್ಟುವುದಿಲ್ಲ. ಮಾತ್ರೆ ಅಗ್ಗ, ವೈದ್ಯರ ಬಳಿ ಹೋಗಿ ಕಾಯುವ ವೇಳೆ ದುಬಾರಿ. ಈ ಸರಳ ಗಣಿತದ ಮೇಲೆ ನಿಂತಿರುವ ಅಭ್ಯಾಸ ಎಷ್ಟು ತಪ್ಪೆಂಬುದನ್ನು ತಿಳಿಯಬೇಕಾದರೆ ಔಷಧ ದೇಹದೊಳಗೆ ಹೋಗುವ ದಾರಿಯನ್ನು ಸ್ವಲ್ಪ ಪರಿಶೀಲಿಸಬೇಕಾಗುತ್ತದೆ.

ಯಾವ ಖಾತೆಗೆ ಜಮೆ?

ಬಾಯಿಯಿಂದ ಸೇವಿಸಿದ ಔಷಧ ಮೊದಲು ಜಠರದಲ್ಲಿ ಕರಗಿ ಸಣ್ಣ ಕರುಳನ್ನು ಸೇರುತ್ತದೆ. ಅಲ್ಲಿಯ ಗೋಡೆಗಳು ಅದನ್ನು ಹೀರಿ ರಕ್ತಕ್ಕೆ ಒಪ್ಪಿಸುತ್ತವೆ. ಆ ರಕ್ತ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಕೆಲವು ಔಷಧಗಳನ್ನು ಹಾಗೆಯೇ ಬಿಡುತ್ತದೆ, ಕೆಲವನ್ನು ಒಡೆದು ನಿಷ್ಕ್ರಿಯಗೊಳಿಸುತ್ತದೆ, ಮತ್ತೆ ಕೆಲವನ್ನು ಇನ್ನೊಂದು ಸಕ್ರಿಯ ರೂಪಕ್ಕೆ ತಿರುಗಿಸುತ್ತದೆ. ಉಳಿದ ಅಂಶವಷ್ಟೇ ಶರೀರದಾದ್ಯಂತ ಸಂಚರಿಸುತ್ತದೆ. ಕರುಳು ಹೀರದೆ ಬಿಟ್ಟ ಭಾಗ ದೊಡ್ಡ ಕರುಳಿಗಿಳಿದು ಮಲದೊಂದಿಗೆ ಹೊರಬೀಳುತ್ತದೆ.

ಜ್ವರಕ್ಕೋ ರಕ್ತದೊತ್ತಡಕ್ಕೋ ಕೊಡುವ ಔಷಧವಾದರೆ ಹೀರಲ್ಪಡದ ಭಾಗವೆಲ್ಲ ನಷ್ಟವೆಂದೇ ಲೆಕ್ಕ. ಆದರೆ ಕರುಳಿನ ಪರೋಪಜೀವಿಗಳ ವಿಷಯದಲ್ಲಿ ಈ ಲೆಕ್ಕ ತಿರುಗಿಬಿಡುತ್ತದೆ. ಶತ್ರು ಕುಳಿತಿರುವುದೇ ಕರುಳಿನ ಕೊಳವೆಯೊಳಗಾದರೆ ಅಲ್ಲಿಯೇ ಉಳಿಯುವ ಔಷಧವೇ ಲಾಭ. ರಕ್ತಕ್ಕೆ ಹೋದದ್ದು ವೃಥಾ ಖರ್ಚು. ಶತ್ರು ಯಕೃತ್ತಿನಲ್ಲೋ ಮೆದುಳಿನಲ್ಲೋ ಅಡಗಿದ್ದರೆ ಕರುಳಿನಲ್ಲಿ ಉಳಿದ ಔಷಧದಿಂದ ಪ್ರಯೋಜನವಿಲ್ಲ. ಆದುದರಿಂದ ಯಾವುದೇ ಹುಳುವಿನ ಔಷಧವನ್ನು ಕೈಗೆತ್ತಿಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಲೇಬೇಕು: ಶತ್ರು ಎಲ್ಲಿದೆ? ಔಷಧ ಎಲ್ಲಿಗೆ ತಲುಪುತ್ತದೆ? ಅಲ್ಲಿ ಅದು ಎಷ್ಟು ದಿನ, ಎಷ್ಟು ಪ್ರಮಾಣದಲ್ಲಿ ಇರಬೇಕು? ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಕೆಲಸ ವೈದ್ಯರದು. ಕೇಳುವ ಕೆಲಸ ಪ್ರತಿಯೊಬ್ಬ ಗೃಹಸ್ಥನದು.

ಹೀರದಿರುವುದೇ ಗುಣ

ದುಂಡುಹುಳು, ಕೊಕ್ಕೆಹುಳು, ಚಾಟಿಹುಳು ಇವು ಭಾರತದಲ್ಲಿ ಸಾಮಾನ್ಯವಾಗಿ ಕಂಡುಬರುವ ಕರುಳಿನ ಹುಳುಗಳು. ಒಂದು ಹೆಣ್ಣು ದುಂಡುಹುಳು ದಿನವೊಂದಕ್ಕೆ 2 ಲಕ್ಷದವರೆಗೆ ಮೊಟ್ಟೆಗಳನ್ನಿಡಬಲ್ಲದು. ಕೊಕ್ಕೆಹುಳುವಿನ ಎರಡು ಜಾತಿಗಳಲ್ಲಿ ಸೌಮ್ಯವಾದುದು ಕೂಡ ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತವನ್ನು ನಷ್ಟಮಾಡುತ್ತದೆ. ಕೇಳಲಿಕ್ಕೆ ಇದು ಬಹು ಅಲ್ಪ. ಆದರೆ ಒಬ್ಬರ ಕರುಳಿನಲ್ಲಿ ಇಂಥ 100 ಹುಳುಗಳಿದ್ದರೆ ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90 ಮಿಲಿಲೀಟರ್ ರಕ್ತ ಸದ್ದಿಲ್ಲದೆ ಸೋರಿಹೋಗುತ್ತದೆ. ಇನ್ನೊಂದು ಜಾತಿಯ ಹುಳು ಇದರ ಐದು ಪಟ್ಟಿಗೂ ಮೀರಿ ರಕ್ತ ಕಳೆಯುತ್ತದೆ. ಬಿಳಿಚಿಕೊಂಡ ಮುಖ, ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದಲ್ಲಿ ಮಂದಗತಿ ಇವುಗಳ ಹಿಂದೆ ಅನೇಕ ವೇಳೆ ಇರುವುದು ಈ ಸೋರಿಕೆಯೇ.

ಇವುಗಳಿಗೆ ಇಂದು ಬಳಕೆಯಲ್ಲಿರುವ ಮುಖ್ಯ ಔಷಧಗಳು ಆಲ್ಬೆಂಡಜೋಲ್ ಮತ್ತು ಮೆಬೆಂಡಜೋಲ್. ಹುಳುವಿನ ಜೀವಕೋಶಗಳೊಳಗಿನ ಸೂಕ್ಷ್ಮನಾಳಗಳನ್ನು ಕಟ್ಟಿಹಾಕಿ, ಅದು ಸಕ್ಕರೆಯ ಅಂಶವನ್ನು ಹೀರದಂತೆ ಮಾಡಿ ಉಪವಾಸ ಕೆಡವಿ ಕೊಲ್ಲುವುದು ಇವುಗಳ ರೀತಿ. ಬರಿಹೊಟ್ಟೆಯಲ್ಲಿ ನುಂಗಿದ ಆಲ್ಬೆಂಡಜೋಲಿನಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ 5 ಭಾಗಕ್ಕಿಂತಲೂ ಕಡಿಮೆ. ಮಿಕ್ಕದ್ದೆಲ್ಲ ಕರುಳಿನಲ್ಲಿಯೇ ಉಳಿದು ಹುಳುಗಳೊಡನೆ ಹೋರಾಡುತ್ತದೆ. ಪೈರಾಂಟೆಲ್ ಎಂಬ ಇನ್ನೊಂದು ಔಷಧವೂ ಬಹುಮಟ್ಟಿಗೆ ಹೀರಲ್ಪಡದೆ ಮಲದಲ್ಲಿ ಹೊರಹೋಗುವಂಥದೇ. ಒಂದೇ ಸಲದ 400 ಮಿಲಿಗ್ರಾಂ ಆಲ್ಬೆಂಡಜೋಲನ್ನು ಬೆಳೆದವರಿಗೂ ಶಾಲಾಬಾಲಕರಿಗೂ ಒಂದೇ ಪ್ರಮಾಣದಲ್ಲಿ ಕೊಡಲು ಸಾಧ್ಯವಾಗುವುದು ಈ ಗುಣದಿಂದಲೇ. ರಕ್ತಕ್ಕೆ ಹೋಗುವ ಪಾಲು ಚಿಕ್ಕದಾದುದರಿಂದ ಅಪಾಯವೂ ಚಿಕ್ಕದು. ಮಾತ್ರೆಯನ್ನು ಇಡಿಯಾಗಿ ನುಂಗದೆ ಚೆನ್ನಾಗಿ ಅಗಿಯಬೇಕೆನ್ನುವುದು ಕೂಡ ಔಷಧ ಪುಡಿಯಾಗಿ ಕರುಳಿನ ಉದ್ದಕ್ಕೂ ಹರಡಲೆಂದೇ.

ಹರಳೆಣ್ಣೆಯ ಕಾಲ

ಹಿರಿಯ ವಾಚಕರಿಗೆ ಹರಳೆಣ್ಣೆಯ ನೆನಪು ಮಾಸಿರಲಾರದು. ಹುಳುವಿನ ಔಷಧವೆಂದರೆ ಹಿಂದಿನ ರಾತ್ರಿ ಉಪವಾಸ, ಮುಂಜಾನೆ ಮೂಗು ಹಿಡಿದು ನುಂಗಿಸುವ ಮದ್ದು, ಅದರ ಬೆನ್ನಿಗೆ ಬೇಧಿ. ಇಂದಿಗೂ ಹಲವು ಅಜ್ಜಿಯಂದಿರು ಆಲ್ಬೆಂಡಜೋಲ್ ಕೊಡುವಾಗ ಅದೇ ಕಟ್ಟುಪಾಡನ್ನು ಅನುಸರಿಸಬೇಕೆಂದು ಒತ್ತಾಯಿಸುವುದುಂಟು.

ಆ ಕಟ್ಟುಪಾಡು ಮೂಢನಂಬಿಕೆಯಾಗಿರಲಿಲ್ಲ. ಅದಕ್ಕೆ ಆ ಕಾಲದ ವೈದ್ಯಶಾಸ್ತ್ರದಲ್ಲೇ ಆಧಾರವಿತ್ತು. ಕೊಕ್ಕೆಹುಳುವಿಗೆ 1921ರಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡನ್ನೂ 1925ರಲ್ಲಿ ಟೆಟ್ರಾಕ್ಲೋರೊಎಥಿಲೀನನ್ನೂ ಅಮೆರಿಕದ ವಿಜ್ಞಾನಿ ಮಾರಿಸ್ ಹಾಲ್ ಬಳಕೆಗೆ ತಂದರು. ಇವುಗಳಲ್ಲಿ ಮೊದಲನೆಯದಂತೂ ರಕ್ತಕ್ಕೆ ಸೇರಿದರೆ ಯಕೃತ್ತನ್ನು ಕೆಡಿಸುವ ವಿಷ. ಜಿಡ್ಡಿನ ಪದಾರ್ಥ ಮತ್ತು ಮದ್ಯ ಅದರ ಹಾನಿಯನ್ನು ಹೆಚ್ಚಿಸುತ್ತಿದ್ದವು. ಆದುದರಿಂದ ಹೊಟ್ಟೆ ಬರಿದಾಗಿರಬೇಕು, ಜಿಡ್ಡು ಕೂಡದು, ಕೆಲಸ ಮುಗಿದೊಡನೆ ಔಷಧ ಹೊರಬೀಳಬೇಕು ಎಂಬ ನಿಯಮಗಳು ಹುಟ್ಟಿಕೊಂಡವು.

1970ರ ದಶಕದಲ್ಲಿ ಮೆಬೆಂಡಜೋಲ್, ಅದರ ಹಿಂದೆಯೇ ಆಲ್ಬೆಂಡಜೋಲ್ ಬಂದ ಮೇಲೆ ಆ ನಿಯಮಗಳಿಗೆ ಅರ್ಥವುಳಿಯಲಿಲ್ಲ. ಹೊಸ ಔಷಧಗಳು ಹುಳುವನ್ನು ಕೊಲ್ಲಲು ಕೆಲವು ದಿನಗಳನ್ನೇ ತೆಗೆದುಕೊಳ್ಳುತ್ತವೆ. ಬೆನ್ನಿಗೇ ಬೇಧಿ ಮಾಡಿಸಿದರೆ ಕೆಲಸ ಆರಂಭಿಸುವ ಮೊದಲೇ ಔಷಧವನ್ನು ಹೊರದೂಡಿದಂತಾಗುತ್ತದೆ. ಉಪವಾಸವೂ ಬೇಕಿಲ್ಲ, ಬೇಧಿಯೂ ಬೇಕಿಲ್ಲ. ಔಷಧ ಬದಲಾದಾಗ ಪಥ್ಯವೂ ಬದಲಾಗಬೇಕೆಂಬ ವಿವೇಕವನ್ನು ಹಿರಿಯರು ತೋರಿದರೆ ಮೊಮ್ಮಕ್ಕಳಿಗೆ ಒಂದು ದಿನದ ನಿಶ್ಶಕ್ತಿಯಾದರೂ ತಪ್ಪೀತು.

ತುಪ್ಪದೂಟ ಬೇಕಾದ ಸಂದರ್ಭ

ಇದೇ ಆಲ್ಬೆಂಡಜೋಲನ್ನು ಶರೀರದ ಒಳಭಾಗದ ರೋಗಗಳಿಗೆ ಕೊಡುವಾಗ ಎಲ್ಲವೂ ತಲೆಕೆಳಗಾಗುತ್ತದೆ. ಹಂದಿಯ ಲಾಡಿಹುಳುವಿನ ಮರಿಗಳು ಮೆದುಳಿನಲ್ಲಿ ನೆಲೆಸಿ ಗುಳ್ಳೆ ಕಟ್ಟುವ ರೋಗವೊಂದುಂಟು. ನ್ಯೂರೊಸಿಸ್ಟಿಸರ್ಕೋಸಿಸ್ ಎಂದು ಅದರ ಹೆಸರು. ಭಾರತದಲ್ಲಿ ಮೂರ್ಛೆರೋಗದ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಅಲ್ಲಿಗೆ ತಲುಪಬೇಕಾದರೆ ಔಷಧ ರಕ್ತಕ್ಕೆ ಸೇರಲೇಬೇಕು. ಹೀರಲ್ಪಟ್ಟ ಆಲ್ಬೆಂಡಜೋಲನ್ನು ಯಕೃತ್ತು ಇನ್ನೊಂದು ರೂಪಕ್ಕೆ ಪರಿವರ್ತಿಸುತ್ತದೆ. ಮೆದುಳಿನ ಗುಳ್ಳೆಗಳ ಮೇಲೆ ಕೆಲಸ ಮಾಡುವುದು ಈ ರೂಪವೇ. ಕೊಬ್ಬಿನಂಶವುಳ್ಳ ಊಟದೊಡನೆ ಸೇವಿಸಿದಾಗ ರಕ್ತದಲ್ಲಿ ಇದರ ಮಟ್ಟ ಬರಿಹೊಟ್ಟೆಯಲ್ಲಿ ಸೇವಿಸಿದಾಗಿನದಕ್ಕಿಂತ ಐದು ಪಟ್ಟಿನಷ್ಟು ಏರಬಲ್ಲದು. ತುಪ್ಪ ಹಾಕಿದ ಅನ್ನವೋ ಕೆನೆಭರಿತ ಹಾಲೋ ಇಲ್ಲಿ ಚಿಕಿತ್ಸೆಯ ಅಂಗವೇ ಆಗುತ್ತದೆ. ಭಕ್ತಿಯಿಂದ ಉಪವಾಸವಿದ್ದು ನುಂಗಿದವರು ಔಷಧದ ಬಹುಭಾಗವನ್ನು ಕಳೆದುಕೊಂಡಂತೆ.

ಪ್ರಮಾಣವೂ ಬೇರೆ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 15 ಮಿಲಿಗ್ರಾಂ, ಅದೂ ಎರಡು ಪಾಲಾಗಿ. 40 ಕಿಲೋ ತೂಗುವವರಿಗೆ ದಿನಕ್ಕೆ 600 ಮಿಲಿಗ್ರಾಂ ಆದೀತು. ಒಂದು ದಿನವಲ್ಲ, ಸಾಮಾನ್ಯವಾಗಿ 10ರಿಂದ 14 ದಿನ ಅಥವಾ ವೈದ್ಯರು ಹೇಳಿದಷ್ಟು ಕಾಲ. ಇಂಥ ರೋಗಿಗಳು ಸೇವಿಸುವ ಫೆನಿಟಾಯಿನ್, ಕಾರ್ಬಮಜೆಪಿನ್ ಮುಂತಾದ ಮೂರ್ಛೆಯ ಮಾತ್ರೆಗಳು ಆಲ್ಬೆಂಡಜೋಲಿನ ಮಟ್ಟವನ್ನು ಇಳಿಸುತ್ತವೆ. ಊತ ತಗ್ಗಿಸಲು ಕೊಡುವ ಡೆಕ್ಸಾಮೆಥಸೋನ್ ಅದನ್ನು ಏರಿಸುತ್ತದೆ. ಮೆದುಳಿನ ಗುಳ್ಳೆಗಳು ಸಾಯುವಾಗ ಸುತ್ತಲೂ ಊತವುಂಟಾಗಿ ಮೂರ್ಛೆ ಬರಬಹುದಾದುದರಿಂದ ಈ ಚಿಕಿತ್ಸೆ ವೈದ್ಯರ ಕಣ್ಗಾವಲಿನಲ್ಲಿಯೇ ನಡೆಯಬೇಕು. ತಿಳಿಯದೆ ಉಳಿದಿದ್ದ ಇಂಥ ಗುಳ್ಳೆಗಳು, ಬೇರೆ ಕಾರಣಕ್ಕೆಂದು ಆಲ್ಬೆಂಡಜೋಲ್ ನುಂಗಿದಾಗ ಮೂರ್ಛೆಯ ರೂಪದಲ್ಲಿ ಪ್ರಕಟವಾಗುವುದೂ ಉಂಟು. ಹಿಂದೆ ಮೂರ್ಛೆ ಬಂದವರಿರುವ ಮನೆಯಲ್ಲಿ ಈ ಮಾತ್ರೆಯನ್ನು ಯಾರನ್ನೂ ಕೇಳದೆ ಕೊಡಬಾರದೆನ್ನುವುದು ಈ ಕಾರಣದಿಂದ.

‘ಮಾಂಸ ಮುಟ್ಟದ ಮನೆಗೆ ಹಂದಿಯ ಹುಳು ಎಲ್ಲಿಂದ?’ ಎಂದು ಕೇಳುವವರಿದ್ದಾರೆ. ಹಂದಿಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅವರ ಮಲದಲ್ಲಿ ಹೊರಬಿದ್ದ ಮೊಟ್ಟೆಗಳು ತೊಳೆಯದ ಕೈಯಿಂದಲೋ ಹಸಿ ತರಕಾರಿಯಿಂದಲೋ ಇನ್ನೊಬ್ಬರ ಹೊಟ್ಟೆ ಸೇರಿದರೆ ಆ ಎರಡನೆಯವರ ಮೆದುಳಿನಲ್ಲಿ ಗುಳ್ಳೆಯಾಗುತ್ತದೆ. ಆ ಎರಡನೆಯವರು ಹುಟ್ಟಾ ಶಾಕಾಹಾರಿಗಳಾಗಿರಲು ಏನೂ ಅಡ್ಡಿಯಿಲ್ಲ. ಕೋಸಂಬರಿಯ ಸೌತೆಕಾಯಿಗೆ ಮಡಿಯೊಂದೇ ರಕ್ಷೆಯಲ್ಲ. ಶುದ್ಧ ನೀರಿನಲ್ಲಿ ತೊಳೆಯುವುದೂ ಬೇಕು.

ರೋಗ ಹೋಯಿತು, ಬೀಜ ಉಳಿಯಿತು

ಈಗ ಅಮೀಬದ ಸಂಗತಿ. ಅಮೀಬೀಯ ಆಮಶಂಕೆಗೆ ಕೊಡುವ ಮೆಟ್ರೊನಿಡಜೋಲ್ ಆಲ್ಬೆಂಡಜೋಲಿಗೆ ನೇರ ವಿರುದ್ಧ ಸ್ವಭಾವದ್ದು. ಅದು ನೂರಕ್ಕೆ 90 ಭಾಗಕ್ಕೂ ಮಿಕ್ಕಿ ಹೀರಲ್ಪಡುತ್ತದೆ. ಕರುಳಿನ ಗೋಡೆಯನ್ನು ಕೊರೆದು ಒಳಹೊಕ್ಕ ಅಮೀಬವನ್ನೂ, ಯಕೃತ್ತಿನಲ್ಲಿ ಕೀವುಗಟ್ಟಿಸಿದ ಅಮೀಬವನ್ನೂ ಅದು ರಕ್ತದ ಮೂಲಕ ತಲುಪಿ ಕೊಲ್ಲುತ್ತದೆ. ಇದು ಅದರ ಹಿರಿಮೆ. ಆದರೆ ಮೇಲಿನ ಕರುಳಿನಲ್ಲೇ ಹೀರಲ್ಪಟ್ಟು ಹೋಗುವುದರಿಂದ ದೊಡ್ಡ ಕರುಳಿನ ಕೊಳವೆಯೊಳಗೆ ಅದು ಸಾಕಷ್ಟು ಉಳಿಯುವುದಿಲ್ಲ. ಅಮೀಬವಾದರೋ ಅಲ್ಲಿ ಸಿಸ್ಟ್ ಎಂಬ ಕವಚ ತೊಟ್ಟು ಬೀಜದಂತೆ ಕುಳಿತಿರುತ್ತದೆ. ಮೆಟ್ರೊನಿಡಜೋಲಿನಂಥ ಔಷಧವನ್ನು ಮಾತ್ರ ಪಡೆದವರಲ್ಲಿ ನೂರಕ್ಕೆ 40ರಿಂದ 60 ಮಂದಿಯ ಕರುಳಿನಲ್ಲಿ ಅಮೀಬ ಉಳಿದುಕೊಳ್ಳಬಹುದೆಂದು ವೈದ್ಯಕೀಯ ಗ್ರಂಥಗಳು ಹೇಳುತ್ತವೆ. ಆದ್ದರಿಂದಲೇ ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್ ಮುಗಿದ ಮೇಲೆ, ಕರುಳಿನೊಳಗೇ ಕೆಲಸ ಮಾಡುವ ಡೈಲಾಕ್ಸನೈಡ್ ಫ್ಯೂರೋಯೇಟನ್ನು 500 ಮಿಲಿಗ್ರಾಮಿನಂತೆ ದಿನಕ್ಕೆ ಮೂರು ಬಾರಿ 10 ದಿನ, ಇಲ್ಲವೇ ಪ್ಯಾರೊಮೊಮೈಸಿನನ್ನು ಕೊಡಬೇಕೆಂಬುದು ಸ್ಥಾಪಿತ ನಿಯಮ. ಒಂದು ಔಷಧ ಗೋಡೆಗೆ, ಇನ್ನೊಂದು ಅಂಗಳಕ್ಕೆ.

ಈ ಎರಡನೆಯ ಕಂತೇ ಹೆಚ್ಚಾಗಿ ತಪ್ಪಿಹೋಗುವುದು. ಮೊದಲ ಎರಡು ದಿನಗಳಲ್ಲೇ ಹೊಟ್ಟೆನೋವು, ರಕ್ತ ಬೀಳುವುದು ನಿಲ್ಲುತ್ತದೆ. ಮೆಟ್ರೊನಿಡಜೋಲಿನಿಂದ ಬಾಯಲ್ಲಿ ಲೋಹದ ರುಚಿ, ಓಕರಿಕೆ. ಮಾತ್ರೆ ನಿಂತುಹೋಗುತ್ತದೆ. ಆಸಾಮಿ ಗುಣವಾದಂತೆ ಕಾಣುತ್ತಾನೆ. ಆದರೆ ಅವನ ಮಲದಲ್ಲಿ ಸಿಸ್ಟುಗಳು ಹೋಗುತ್ತಲೇ ಇರುತ್ತವೆ. ನಲ್ಲಿನೀರಿಗೆ ಸಾಮಾನ್ಯವಾಗಿ ಬೆರೆಸುವ ಕ್ಲೋರಿನ್ನಿನ ಪ್ರಮಾಣಕ್ಕೆ ಈ ಸಿಸ್ಟುಗಳು ಜಗ್ಗುವುದಿಲ್ಲ. ನೀರನ್ನು ಕುದಿಸಿದರೆ ಸಾಯುತ್ತವೆ.

ಮಹಾನಗರದ ಕನ್ನಡ ಸಮಾಜಕ್ಕೆ ಈ ವಿಷಯ ಹೊರಗಿನದಲ್ಲ. ಮುಂಬಯಿಯ ಉಡುಪಿ ಹೋಟೆಲುಗಳ ಹೆಸರು ದೇಶಕ್ಕೆಲ್ಲ ಗೊತ್ತು. ಆ ಹೆಸರನ್ನು ಕಟ್ಟಿದವರು ಕರಾವಳಿಯಿಂದ ಎಳೆಯ ಪ್ರಾಯದಲ್ಲಿ ಬಂದು, ಹಗಲು ದುಡಿದು, ರಾತ್ರಿಶಾಲೆಗಳಲ್ಲಿ ಓದಿದ ತರುಣರು. ಇಂದಿಗೂ ಹೋಟೆಲು, ಕ್ಯಾಂಟೀನು, ಮೆಸ್ಸುಗಳಲ್ಲಿ ದುಡಿಯುವವರು ಹಲವರು ಕೂಡಿ ಒಂದು ಖೋಲಿಯಲ್ಲಿ ಮಲಗುತ್ತಾರೆ, ಸಾಲು ನಿಂತು ಒಂದೇ ಶೌಚಾಲಯ ಬಳಸುತ್ತಾರೆ. ಒಬ್ಬನಿಗೆ ಆಮಶಂಕೆಯಾದರೆ ರಜೆ ಕೇಳಲು ಅಂಜಿಕೆ, ಸಂಬಳ ಕಡಿತದ ಭಯ. ನಾಲ್ಕು ಮಾತ್ರೆ ತಂದು ನುಂಗಿ ಮರುದಿನ ಹಿಟ್ಟು ಕಲಸಲು ನಿಲ್ಲುತ್ತಾನೆ. ಇದರಲ್ಲಿ ಅವನ ತಪ್ಪಿಗಿಂತ ವ್ಯವಸ್ಥೆಯ ತಪ್ಪು ದೊಡ್ಡದು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಮೆಟ್ರೊನಿಡಜೋಲನ್ನು ಬಿಡಿಬಿಡಿಯಾಗಿ ಮಾರುವ ಅಂಗಡಿಯೂ, ಕಾಯಿಲೆಯ ರಜೆಯನ್ನು ಸೋಮಾರಿತನವೆಂದು ಕಾಣುವ ಯಜಮಾನನೂ ಅದರಲ್ಲಿ ಪಾಲುಗಾರರು.

ಇನ್ನೊಂದು ಬದಿಯ ಅತಿರೇಕವನ್ನೂ ಹೇಳಬೇಕು. ಮಲಪರೀಕ್ಷೆಯ ವರದಿಯಲ್ಲಿ ‘ಅಮೀಬದ ಸಿಸ್ಟ್’ ಎಂಬ ಮಾತು ಕಂಡೊಡನೆ ವರ್ಷಗಟ್ಟಲೆ ಮತ್ತೆ ಮತ್ತೆ ಮೆಟ್ರೊನಿಡಜೋಲ್ ನುಂಗುವವರಿದ್ದಾರೆ. ರೋಗ ತರುವ ಅಮೀಬಕ್ಕೂ, ಎಂಟಮೀಬ ಡಿಸ್ಪಾರ್ ಎಂಬ ನಿರುಪದ್ರವಿ ಜಾತಿಗೂ ಸೂಕ್ಷ್ಮದರ್ಶಕದಲ್ಲಿ ಸಿಸ್ಟಿನ ರೂಪ ಒಂದೇ. ಇವೆರಡೂ ಬೇರೆ ಬೇರೆ ಜಾತಿಗಳೆಂಬುದು 1993ರ ನಂತರ ಖಚಿತವಾಗಿ ಅಂಗೀಕೃತವಾಗಿದೆ. ಲಕ್ಷಣವೇ ಇಲ್ಲದವರು ಕೇವಲ ಒಂದು ಸಾಲಿನ ವರದಿಗೆ ಹೆದರಿ ಔಷಧ ಸೇವಿಸುವುದು ಇಲ್ಲದ ಸಾಲಕ್ಕೆ ಬಡ್ಡಿ ಕಟ್ಟಿದಂತೆ.

ಹಸಿರು ನಾಲಿಗೆಯ ಪಾಠ

ಹೀರಿಕೆಯ ಬಗ್ಗೆ ತಪ್ಪಾಗಿ ಊಹಿಸಿದರೆ ಏನಾದೀತೆಂಬುದಕ್ಕೆ ಜಪಾನಿನ ಒಂದು ದುರಂತ ಸಾಕ್ಷಿಯಾಗಿದೆ. ಎಂಟೆರೊ-ವಯೊಫಾರ್ಮ್ ಎಂಬ ಹೆಸರು ಒಂದು ಕಾಲಕ್ಕೆ ಭಾರತದ ಮನೆಮನೆಗೂ ಪರಿಚಿತವಾಗಿತ್ತು. ಭೇದಿಗೆ, ಆಮಶಂಕೆಗೆ, ಪ್ರಯಾಣದ ಮುನ್ನೆಚ್ಚರಿಕೆಗೆ ಎಲ್ಲರೂ ಅದನ್ನು ನುಂಗುತ್ತಿದ್ದರು. ಅದರಲ್ಲಿದ್ದ ಕ್ಲಿಯೊಕ್ವಿನಾಲ್ ಕರುಳಿನಲ್ಲೇ ಉಳಿಯುವ, ರಕ್ತಕ್ಕೆ ಸೇರದ ವಸ್ತುವೆಂಬುದು ರೂಢಿಯ ನಂಬಿಕೆ.

ಜಪಾನಿನಲ್ಲಿ 1950ರ ದಶಕದ ಮಧ್ಯದಿಂದ ವಿಚಿತ್ರ ವ್ಯಾಧಿಯೊಂದು ಕಾಣಿಸಿಕೊಂಡಿತು. ಕಾಲುಗಳು ಮರಗಟ್ಟುವುದು, ನಡೆಯಲಾಗದಿರುವುದು, ದೃಷ್ಟಿ ಕುಂದುವುದು ಅದರ ಲಕ್ಷಣ. ಸೋಂಕುರೋಗವೆಂದೇ ಹಲವರು ಭಾವಿಸಿದರು. ಕೆಲವು ರೋಗಿಗಳ ನಾಲಿಗೆಯೂ ಮೂತ್ರವೂ ಹಸಿರಾದುದನ್ನು ಕಂಡ ವೈದ್ಯರು ಆ ಬಣ್ಣದ ಮೂಲ ಹುಡುಕಿದರು. ಕ್ಲಿಯೊಕ್ವಿನಾಲ್ ಕಬ್ಬಿಣದೊಡನೆ ಕೂಡಿ ಉಂಟಾದ ವಸ್ತು ಅದೆಂದು 1970ರಲ್ಲಿ ತಿಳಿದುಬಂತು. ರಕ್ತಕ್ಕೆ ಸೇರುವುದೇ ಇಲ್ಲವೆಂದು ನಂಬಿದ್ದ ಔಷಧ ಮೂತ್ರದಲ್ಲಿ ಪ್ರತ್ಯಕ್ಷವಾಗಿತ್ತು! ಆ ವರ್ಷದ ಸೆಪ್ಟೆಂಬರಿನಲ್ಲಿ ಜಪಾನ್ ಸರಕಾರ ಅದರ ಮಾರಾಟ ನಿಲ್ಲಿಸಿತು. ಹೊಸ ರೋಗಿಗಳ ಸಂಖ್ಯೆ ಹಠಾತ್ತನೆ ಕುಸಿಯಿತು. ಅಷ್ಟರಲ್ಲಿ 10 ಸಾವಿರಕ್ಕೂ ಹೆಚ್ಚು ಜನ ಈ ವ್ಯಾಧಿಗೆ ತುತ್ತಾಗಿದ್ದರು. ಅಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ, ದೀರ್ಘಕಾಲ ಬಳಸುವ ರೂಢಿಯಿತ್ತು. ಅತ್ಯಲ್ಪ ಹೀರಿಕೆಯೂ ದಿನದಿನಕ್ಕೆ ಸೇರುತ್ತಾ ಹೋದರೆ ಚಕ್ರಬಡ್ಡಿಯಾಗುತ್ತದೆ ಎಂಬ ಪಾಠವನ್ನು ಆ ಜನ ತಮ್ಮ ಕಾಲುಗಳನ್ನೂ ಕಣ್ಣುಗಳನ್ನೂ ತೆತ್ತು ಜಗತ್ತಿಗೆ ಕಲಿಸಿದರು.

ಒಂದೇ ಮಾತ್ರೆಯ ಮಿತಿ

‘ಒಂದು ಮಾತ್ರೆ ನುಂಗಿಯಾಯಿತು, ಹುಳುಗಳೆಲ್ಲ ಸತ್ತವು’ ಎಂಬ ಸಮಾಧಾನವೂ ಪೂರ್ಣ ಸತ್ಯವಲ್ಲ. ಕೈಸರ್ ಮತ್ತು ಉಟ್ಸಿಂಗರ್ ಎಂಬ ಸಂಶೋಧಕರು ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂದೇ ಸಲದ ಆಲ್ಬೆಂಡಜೋಲಿನಿಂದ ದುಂಡುಹುಳು ನೂರಕ್ಕೆ 88 ಮಂದಿಯಲ್ಲಿ, ಕೊಕ್ಕೆಹುಳು 72 ಮಂದಿಯಲ್ಲಿ ನಿವಾರಣೆಯಾದರೆ ಚಾಟಿಹುಳು ನಿವಾರಣೆಯಾದುದು 28 ಮಂದಿಯಲ್ಲಿ ಮಾತ್ರ. ಒಂದೇ ಸಲದ ಮೆಬೆಂಡಜೋಲ್ ಕೊಕ್ಕೆಹುಳುವಿನ ಮೇಲೆ ಗೆದ್ದುದು ಕೇವಲ 15 ಮಂದಿಯಲ್ಲಿ. ಯಾವ ಹುಳುವೆಂದು ತಿಳಿಯದೆ ಯಾವ ಮಾತ್ರೆ, ಎಷ್ಟು ದಿನ ಎಂದು ನಿರ್ಧರಿಸುವುದು ಹೇಗೆ? ಚಾಟಿಹುಳುವಿಗೆ ಮೂರು ದಿನಗಳ ಚಿಕಿತ್ಸೆ ಬೇಕಾಗುವುದುಂಟು. ಗುದದ್ವಾರದಲ್ಲಿ ರಾತ್ರಿ ತುರಿಕೆಯುಂಟುಮಾಡುವ ಸೂಜಿಹುಳುವಿನ ಮೊಟ್ಟೆಗಳ ಮೇಲೆ ಮಾತ್ರೆ ಸಾಕಷ್ಟು ಪರಿಣಾಮ ಬೀರದಾದುದರಿಂದ ಎರಡು ವಾರಗಳ ಬಳಿಕ ಇನ್ನೊಮ್ಮೆ, ಅದೂ ಮನೆಮಂದಿಯೆಲ್ಲ, ತೆಗೆದುಕೊಳ್ಳಬೇಕು. ಮನೆಯಲ್ಲೇ ಇದ್ದು ಮಗುವನ್ನು ನೋಡಿಕೊಳ್ಳುವ ಕೆಲಸದಾಕೆಯನ್ನು ಮನೆಮಂದಿಯ ಲೆಕ್ಕದಿಂದ ಕೈಬಿಟ್ಟರೆ ಚಿಕಿತ್ಸೆ ಅಪೂರ್ಣ.

ಮಕ್ಕಳ ವಿಷಯದಲ್ಲಿ ಎಚ್ಚರ ಇಮ್ಮಡಿಯಾಗಬೇಕು. 1ರಿಂದ 2 ವರ್ಷದ ಮಗುವಿಗೆ ಆಲ್ಬೆಂಡಜೋಲ್ 200 ಮಿಲಿಗ್ರಾಂ ಮಾತ್ರ. ಮೂರು ವರ್ಷದೊಳಗಿನವರಿಗೆ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡಬೇಕು. ಅಳುವ ಮಗುವಿನ ಬಾಯಿಗೆ ತುರುಕಿದರೆ ಉಸಿರುಕಟ್ಟುವ ಅಪಾಯವುಂಟು. ದ್ರವರೂಪದ ಔಷಧವಾದರೆ ಸೀಸೆಯನ್ನು ಚೆನ್ನಾಗಿ ಕುಲುಕಿ, ಅಡಿಗೆಮನೆಯ ಚಮಚೆಯ ಬದಲು ಅಳತೆಯ ಮುಚ್ಚಳದಲ್ಲೇ ಕೊಡಬೇಕು. ಗರ್ಭಿಣಿಯರು ಮೊದಲ ಮೂರು ತಿಂಗಳು ಈ ಮಾತ್ರೆಯಿಂದ ದೂರವಿರಬೇಕು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಸೇವಿಸುವ ಹಿರಿಯರಿಗೆ ಮೆಟ್ರೊನಿಡಜೋಲ್ ಅದರ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವ ತಂದೀತು.

ಆಕ್ಷೇಪಕ್ಕೆ ಸಮಾಧಾನ

ಸರಕಾರವೇ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವನ್ನು ಏರ್ಪಡಿಸಿ 1ರಿಂದ 19 ವರ್ಷದವರಿಗೆ ಮಲಪರೀಕ್ಷೆಯಿಲ್ಲದೆ ಮಾತ್ರೆ ಹಂಚುವಾಗ ಮನೆಯವರು ತಾವಾಗಿ ಕೊಟ್ಟರೆ ತಪ್ಪೇನೆಂಬ ಆಕ್ಷೇಪ ಬರಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಅಲ್ಲಿ ಔಷಧ ಗೊತ್ತಾದುದು, ವಯಸ್ಸಿಗೆ ತಕ್ಕ ಪ್ರಮಾಣ ಗೊತ್ತಾದುದು, ತರಬೇತಿ ಪಡೆದವರ ಕಣ್ಣೆದುರಿಗೆ ಸೇವನೆ, ಕಾಯಿಲೆಯಿದ್ದ ಮಗುವಿಗೆ ಅಂದು ಕೊಡಬಾರದೆಂಬ ನಿಯಮ. ಸಮುದಾಯದಲ್ಲಿ ಹುಳುಗಳ ಹೊರೆಯನ್ನು ತಗ್ಗಿಸುವುದು ಅದರ ಉದ್ದೇಶ. ಆ ದಿನ ಶಾಲೆಯಲ್ಲಿ ಕೊಡುವ ಮಾತ್ರೆಯನ್ನು ಮಕ್ಕಳು ನಿಶ್ಚಿಂತೆಯಿಂದ ತೆಗೆದುಕೊಳ್ಳಲಿ. ‘ನಮ್ಮ ಮನೆಯ ಮಕ್ಕಳಿಗೆ ಹುಳುವೆಲ್ಲಿಂದ’ ಎಂಬ ಪ್ರತಿಷ್ಠೆಯಿಂದ ತಪ್ಪಿಸುವುದು ಸರಿಯಲ್ಲ. ಆದರೆ ರಕ್ತ ಬೀಳುವ ಭೇದಿಗೋ, ತಿಂಗಳುಗಟ್ಟಲೆಯ ಹೊಟ್ಟೆನೋವಿಗೋ, ಮೂರ್ಛೆಗೋ ಆ ಒಂದು ಮಾತ್ರೆ ಚಿಕಿತ್ಸೆಯಾಗದು. ಅಲ್ಲಿ ಪರೀಕ್ಷೆಯೇ ಮೊದಲ ಮೆಟ್ಟಿಲು.

ಬಡವನಿಗೆ ಪರೀಕ್ಷೆಯ ವೆಚ್ಚವೇ ಭಾರವಲ್ಲವೆ ಎಂಬುದು ಇನ್ನೊಂದು ಮಾತು. ಅರೆಬರೆ ಚಿಕಿತ್ಸೆಯಿಂದ ಮರುಕಳಿಸುವ ರೋಗ, ಕಳೆದುಹೋಗುವ ದಿನಗೂಲಿ, ಖೋಲಿಯಲ್ಲಿ ಇತರರಿಗೆ ಹಬ್ಬುವ ಸೋಂಕು ಇವನ್ನೆಲ್ಲ ಖರ್ಚಿನ ಪುಟದಲ್ಲಿ ಬರೆದರೆ ಒಂದು ಮಲಪರೀಕ್ಷೆಯೇ ಅಗ್ಗವೆಂಬುದು ಸ್ಪಷ್ಟವಾಗುತ್ತದೆ. ಆದರೆ ಆ ಅಗ್ಗದ ವೆಚ್ಚವನ್ನೂ ಮುಂಗಡವಾಗಿ ಭರಿಸಲಾರದವರಿದ್ದಾರೆ. ಸಂಘಸಂಸ್ಥೆಗಳು ಮುಂದೆ ಬರಬೇಕಾದುದು ಅಲ್ಲಿಯೇ.

ಕನ್ನಡ ಸಂಘಗಳಿಂದ ಆಗಬೇಕಾದುದು

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವ, ನಾಟಕ, ಯಕ್ಷಗಾನಗಳನ್ನು ಶ್ರದ್ಧೆಯಿಂದ ನಡೆಸುತ್ತ ಬಂದಿವೆ. ವರ್ಷಕ್ಕೊಮ್ಮೆ ಆರೋಗ್ಯ ಶಿಬಿರವನ್ನೂ ಹಲವು ಸಂಘಗಳು ಏರ್ಪಡಿಸುತ್ತವೆ. ರಕ್ತದೊತ್ತಡ, ಸಕ್ಕರೆ, ಕಣ್ಣು ಇವುಗಳ ಪರೀಕ್ಷೆಯೊಂದಿಗೆ ಮೂರು ಕೆಲಸಗಳನ್ನು ಸೇರಿಸಿಕೊಂಡರೆ ಹೆಚ್ಚಿನ ವೆಚ್ಚವಿಲ್ಲದೆ ಮಹದುಪಕಾರವಾದೀತು.

ಮೊದಲನೆಯದು, ಹೋಟೆಲು ಮತ್ತು ಕ್ಯಾಂಟೀನು ಕೆಲಸಗಾರರ ಮಲಪರೀಕ್ಷೆ. ಇದರ ವೆಚ್ಚವನ್ನು ಮಾಲೀಕರೂ ಸಂಘವೂ ಹಂಚಿಕೊಳ್ಳಲಿ. ಫಲಿತಾಂಶ ವೈದ್ಯರಿಗೂ ರೋಗಿಗೂ ಮಾತ್ರ ತಿಳಿಯಲಿ. ಸೋಂಕು ಕಂಡುಬಂದವನಿಗೆ ಸಂಬಳಸಹಿತ ರಜೆಯೂ ಚಿಕಿತ್ಸೆಯ ಎರಡೂ ಕಂತುಗಳೂ ದೊರೆಯಲಿ. ಕೆಲಸ ಹೋಗುವ ಭಯವಿದ್ದಲ್ಲಿ ಯಾರೂ ಪರೀಕ್ಷೆಗೆ ಬರಲಾರರು.

ಎರಡನೆಯದು, ಶಿಬಿರದಲ್ಲಿ ಒಂದು ತೂಕದ ಯಂತ್ರ. ಪ್ರತಿ ಮಗುವಿನ ತೂಕವನ್ನು ಬರೆದು ತಾಯಿಯ ಕೈಗೆ ಕೊಟ್ಟರೆ ಮುಂದೆ ಯಾವ ಔಷಧ ಬರೆಯುವಾಗಲೂ ವೈದ್ಯರಿಗೆ ಅನುಕೂಲ. ಹುಳುವಿನಿಂದ ಕೃಶವಾದ ಮಗುವೂ ಬೇಗ ಕಣ್ಣಿಗೆ ಬೀಳುತ್ತದೆ.

ಮೂರನೆಯದು, ಎಲ್ಲಕ್ಕಿಂತ ಅಗತ್ಯವಾದುದು, ಔಷಧದ ಪೊಟ್ಟಣದ ಮೇಲೆ ಕನ್ನಡದಲ್ಲಿ ಮೂರು ಸಾಲು ಬರೆದುಕೊಡುವ ಏರ್ಪಾಡು. ಊರಿನಿಂದ ಹೊಸದಾಗಿ ಬಂದ ತರುಣನಿಗೆ ಅಂಗಡಿಯವನು ಮರಾಠಿಯಲ್ಲೋ ತಮಿಳಿನಲ್ಲೋ ಹೇಳಿದ್ದು ಅರ್ಧ ತಿಳಿಯುತ್ತದೆ. ಇಂಗ್ಲಿಷಿನ ಸಣ್ಣ ಅಕ್ಷರಗಳ ಚೀಟಿಯನ್ನು ಓದುವ ಗೊಡವೆಗೆ ಅವನು ಹೋಗುವುದಿಲ್ಲ. ಎಷ್ಟು ಮಾತ್ರೆ, ಊಟದ ಮೊದಲೋ ಜೊತೆಗೋ, ಎಷ್ಟು ದಿನ ಎಂಬ ಮೂರು ಸಂಗತಿಗಳು ಅವನ ತಾಯ್ನುಡಿಯಲ್ಲಿದ್ದರೆ ಮಾತ್ರೆ ಅರ್ಧಕ್ಕೆ ನಿಲ್ಲುವ ಸಂಭವ ಕಡಿಮೆಯಾದೀತು. ನಿವೃತ್ತ ಶಿಕ್ಷಕರೂ ಕಾಲೇಜು ವಿದ್ಯಾರ್ಥಿಗಳೂ ಶಿಬಿರದ ದಿನ ಒಂದು ಮೇಜಿನ ಬಳಿ ಕುಳಿತು, ವೈದ್ಯರು ಬರೆದುದನ್ನು ಕನ್ನಡಕ್ಕೆ ಇಳಿಸಿ, ವೈದ್ಯರಿಂದಲೇ ಸರಿನೋಡಿಸಿ ಕೊಡಬಹುದು. ಭಾಷೆಯ ಸೇವೆಯೆಂದರೆ ವೇದಿಕೆಯ ಮೇಲಿನ ಭಾಷಣವೊಂದೇ ಎಂದು ಯಾರೂ ನಿಯಮ ಮಾಡಿಲ್ಲ. ರೋಗಿಯ ಕೈಯಲ್ಲಿರುವ ಪೊಟ್ಟಣದ ಮೇಲಿನ ಮೂರು ಸಾಲು ಕನ್ನಡವೂ ಸೇವೆಯೇ.

ಔಷಧಗಳು ಸುಲಭವಾಗಿ ಸಿಗುವ ಕಾಲವಿದು. ದೊರೆತ ಔಷಧವನ್ನು ತಕ್ಕ ಸ್ಥಳಕ್ಕೆ, ತಕ್ಕ ಪ್ರಮಾಣದಲ್ಲಿ, ತಕ್ಕಷ್ಟು ದಿನ ತಲುಪಿಸುವ ಶಿಸ್ತು ಮಾತ್ರ ಅಂಗಡಿಯಲ್ಲಿ ಮಾರಾಟಕ್ಕಿಲ್ಲ. ಕುದಿಸಿದ ನೀರು, ಸಾಬೂನು ಹಾಕಿ ತೊಳೆದ ಕೈ, ವೈದ್ಯರ ಮಾತಿನಂತೆ ಕೊನೆಯ ಮಾತ್ರೆಯವರೆಗೂ ಮುಗಿಸಿದ ಚಿಕಿತ್ಸೆ ಇವು ಪ್ರತಿ ಮನೆಯ ನಿತ್ಯನಿಯಮವಾಗಲಿ. ಮುಂಬರುವ ವರ್ಷದ ಶಿಬಿರದಲ್ಲಿ ತೂಕದ ಯಂತ್ರದ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಡುವ ಮೇಜೊಂದು ಕಾಣಿಸಿಕೊಂಡರೆ, ಅಲ್ಲಿ ಸಾಲು ನಿಲ್ಲುವ ಹೋಟೆಲಿನ ಹುಡುಗನಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿರದು.